ಎದೆ ಹೊಡೆದುಕೊಳ್ಳುವಾಗಲೂ ಕೈ ತಪ್ಪದಿರಲು

ನಿಮ್ಮ ಮಗ ವರ್ಷವಿಡೀ ಚೆನ್ನಾಗಿಯೇ ಓದಿದ್ದಾನೆ. ಮನೆಯಲ್ಲಿ ಯಾವ ಪ್ರಶ್ನೆ ಕೇಳಿದರೂ ಥಟ್ಟನೆ ಉತ್ತರ ಹೇಳುತ್ತಾನೆ. ಆದರೆ ಪರೀಕ್ಷೆಯ ದಿನ ಬೆಳಿಗ್ಗೆ ಎದ್ದವನೇ ಹೊಟ್ಟೆ ತೊಳಸುತ್ತದೆ ಎನ್ನುತ್ತಾನೆ. ಮೂರು ಸಲ ಪಾಯಿಖಾನೆಗೆ ಹೋಗಿ ಬರುತ್ತಾನೆ. ಕೈ ಮುಟ್ಟಿ ನೋಡಿದರೆ ಅಂಗೈ ತಣ್ಣಗೆ, ಬೆವರಿನಿಂದ ಒದ್ದೆ. ಮಧ್ಯಾಹ್ನ ಮನೆಗೆ ಬಂದು ಚೀಲ ಎಸೆದು ಅಳುತ್ತಾನೆ: 'ಎಲ್ಲಾ ಬರ್ತಿತ್ತವ್ವಾ, ಅಲ್ಲಿ ಕುಂತ ಕೂಡ್ಲೆ ಒಂದೂ ನೆನಪಾಗ್ಲಿಲ್ಲ.'

ಸಿರುಗುಪ್ಪದ ಯಾವ ಓಣಿಗೆ ಹೋಗಿ ಕೇಳಿದರೂ ಇಂಥ ಮನೆ ಒಂದಾದರೂ ಸಿಕ್ಕೀತು. ಭತ್ತದ ಗದ್ದೆಯಲ್ಲಿ, ಅಕ್ಕಿ ಗಿರಣಿಯಲ್ಲಿ ದುಡಿದು ಮಕ್ಕಳನ್ನು ಓದಿಸುವ ತಂದೆತಾಯಿಗೆ ಇದು ಸಣ್ಣ ಸಂಗತಿಯಲ್ಲ. ಆಗ ಮನೆಯವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ನಮ್ಮ ಹುಡುಗನಿಗೆ ಧೈರ್ಯ ಸಾಲದು.' ಧೈರ್ಯ ಎಂಬುದು ಮೂಗು, ಕಣ್ಣುಗಳ ಹಾಗೆ ಹುಟ್ಟುವಾಗಲೇ ಬರುವಂಥದ್ದು, ಇಲ್ಲದವರಿಗೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ಎಷ್ಟು ನಿಜ? ಇದನ್ನು ತಿಳಿಯಲು ನಮ್ಮದೇ ನಾಡಿನ ಒಬ್ಬ ಹುಡುಗನ ಒಂದು ಎಸೆತವನ್ನು ನೆನಪಿಸಿಕೊಳ್ಳೋಣ.

ಡರ್ಬಾನಿನ ಆ ಪಂದ್ಯ

2007ರ ಸೆಪ್ಟೆಂಬರ್ 14. ದಕ್ಷಿಣ ಆಫ್ರಿಕದ ಡರ್ಬಾನ್ ನಗರದಲ್ಲಿ ಮೊದಲ ಟ್ವೆಂಟಿ-20 ವಿಶ್ವಕಪ್ಪಿನ ಪಂದ್ಯ. ಎದುರಾಳಿ ಪಾಕಿಸ್ತಾನ. ಭಾರತದ ಆರಂಭದ ವಿಕೆಟ್‌ಗಳು ಬೇಗ ಉರುಳಿದಾಗ ಕರ್ನಾಟಕದ ರಾಬಿನ್ ಉತ್ತಪ್ಪ 39 ಎಸೆತಗಳಲ್ಲಿ 50 ರನ್ ಹೊಡೆದು ತಂಡದ ಮಾನ ಕಾಪಾಡಿದರು. ಭಾರತ ಗಳಿಸಿದ್ದು 141. ಪಾಕಿಸ್ತಾನಕ್ಕೆ ಕೊನೆಯ ಎರಡು ಎಸೆತಗಳಲ್ಲಿ ಒಂದೇ ಒಂದು ರನ್ ಬೇಕಿತ್ತು. ಅದು ಬರಲಿಲ್ಲ. ಕೊನೆಯ ಎಸೆತದಲ್ಲಿ ಮಿಸ್ಬಾ ಉಲ್ ಹಕ್ ರನೌಟ್ ಆದರು. ಎರಡೂ ತಂಡಗಳ ಮೊತ್ತ 141. ಪಂದ್ಯ ಸಮ.

ಆ ದಿನಗಳ ನಿಯಮದಂತೆ ಗೆಲುವನ್ನು ನಿರ್ಧರಿಸಬೇಕಾದದ್ದು 'ಬೌಲ್-ಔಟ್'. ಅಂದರೆ ಬ್ಯಾಟ್ಸ್‌ಮನ್ ಇಲ್ಲದ ಬರಿಯ ವಿಕೆಟ್‌ಗೆ ಪ್ರತಿ ತಂಡದ ಐವರು ಒಂದೊಂದು ಚೆಂಡು ಎಸೆಯಬೇಕು. ಹೆಚ್ಚು ಸಲ ವಿಕೆಟ್‌ಗೆ ತಾಗಿಸಿದ ತಂಡಕ್ಕೆ ಜಯ. ಕೇಳಲು ಮಕ್ಕಳಾಟ. ಆದರೆ ತುಂಬಿದ ಕ್ರೀಡಾಂಗಣ, ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕುಳಿತ ಎರಡು ದೇಶಗಳ ಕೋಟ್ಯಂತರ ಜನ. ಇಷ್ಟರ ನಡುವೆ ಬರಿಯ ಮೂರು ಗೂಟಗಳಿಗೆ ಚೆಂಡು ತಾಗಿಸುವುದು ಎಷ್ಟು ಕಷ್ಟ ಎಂಬುದು ಅಂದು ಗೊತ್ತಾಯಿತು. ಪಾಕಿಸ್ತಾನದ ಯಾಸಿರ್ ಅರಾಫತ್, ಉಮರ್ ಗುಲ್, ಶಾಹಿದ್ ಅಫ್ರಿದಿ ಮೂವರೂ ಗುರಿ ತಪ್ಪಿದರು. ಮೂವರೂ ಬೌಲಿಂಗನ್ನೇ ಬದುಕಾಗಿಸಿಕೊಂಡಿದ್ದವರು ಎಂಬುದನ್ನು ಗಮನಿಸಿ.

ಭಾರತದ ಪರ ಮೊದಲು ವೀರೇಂದ್ರ ಸೆಹ್ವಾಗ್ ತಾಗಿಸಿದರು, ನಂತರ ಹರ್ಭಜನ್ ಸಿಂಗ್. ಮೂರನೆಯವನಾಗಿ ಚೆಂಡು ಹಿಡಿದು ಬಂದವನು ಉತ್ತಪ್ಪ. ವಯಸ್ಸು 21. ಬ್ಯಾಟ್ಸ್‌ಮನ್, ಬೌಲರ್ ಅಲ್ಲವೇ ಅಲ್ಲ. ಹುಡುಗ ಸಲೀಸಾಗಿ ಬಂದು ಚೆಂಡು ಹಾಕಿದ, ಅದು ವಿಕೆಟ್‌ಗೆ ಬಡಿಯಿತು. ಅಷ್ಟೇ ಅಲ್ಲ, ತಲೆಯ ಟೋಪಿ ತೆಗೆದು, ನಾಟಕ ಮುಗಿದ ಮೇಲೆ ನಟ ಬಾಗುವಂತೆ ಪ್ರೇಕ್ಷಕರತ್ತ ಬಾಗಿ ವಂದಿಸಿದ! ಭಾರತ 3-0 ಅಂತರದಿಂದ ಗೆದ್ದಿತು. ಹತ್ತು ದಿನಗಳ ನಂತರ ಜೋಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ಪನ್ನೂ ಗೆದ್ದಿತು.

'ಅಬ್ಬಾ, ಎಂಥ ಗಂಡೆದೆಯ ಹುಡುಗ!' ಎಂದು ಅಂದು ಎಲ್ಲರೂ ಹೊಗಳಿದರು. ತಪ್ಪಲ್ಲ. ಆದರೆ ಕಥೆಯ ಅರ್ಧ ಭಾಗ ಮೈದಾನದಲ್ಲಿ ಕಾಣಿಸದೆ ಉಳಿದಿತ್ತು. ತಂಡದ ಬೌಲಿಂಗ್ ತರಬೇತುದಾರರಾಗಿದ್ದವರು ಬೆಂಗಳೂರಿನವರೇ ಆದ ವೆಂಕಟೇಶ ಪ್ರಸಾದ್. ನಿಯಮದಲ್ಲಿ ಬೌಲ್-ಔಟ್ ಇದೆ ಎಂಬುದನ್ನು ಗಮನಿಸಿ, ದಿನದ ಅಭ್ಯಾಸದ ಜೊತೆಗೆ ಇದನ್ನೂ ಆಟಗಾರರಿಂದ ಆಡಿಸಿದ್ದರು. ಬರಿಯ ವಿಕೆಟ್‌ಗೆ ಯಾರ ಚೆಂಡು ಹೆಚ್ಚು ಸಲ ತಾಗುತ್ತದೆ ಎಂದು ನೋಡಿದಾಗ ಸೆಹ್ವಾಗ್, ಹರ್ಭಜನ್, ಉತ್ತಪ್ಪ ಮುಂದಿದ್ದರು. ಹಾಗಾಗಿ ನಾಯಕ ಧೋನಿ ಹೆಸರಾಂತ ಬೌಲರ್‌ಗಳನ್ನೇ ನೆಚ್ಚಲಿಲ್ಲ. ಜೊತೆಗೆ ತಾವೇ ವಿಕೆಟ್‌ನ ಹಿಂದೆ ನೇರಕ್ಕೆ ಮಂಡಿಯೂರಿ ಕುಳಿತರು. ಎಸೆಯುವವನಿಗೆ ಧೋನಿಯ ಎದೆಗೆ ಚೆಂಡು ಹಾಕಿದರೆ ಸಾಕು ಎಂಬಷ್ಟು ಗುರಿ ಸುಲಭವಾಯಿತು.

ಅಂದರೆ ಆ ಒಂದು ಎಸೆತ ಆ ದಿನದ ಧೈರ್ಯ ಮಾತ್ರವಾಗಿರಲಿಲ್ಲ. ಹಿಂದಿನ ದಿನಗಳ ಹತ್ತಾರು ಎಸೆತಗಳ ಕೊನೆಯ ಎಸೆತವಾಗಿತ್ತು.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. 2011ರ ಮೇ ತಿಂಗಳಲ್ಲಿ ಐಸ್ ಹಾಕಿಯ ವಿಶ್ವ ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್‌ನಲ್ಲಿ ಫಿನ್ಲೆಂಡಿನ 19 ವರ್ಷದ ಮಿಕಾಯೆಲ್ ಗ್ರಾನ್‌ಲುಂಡ್ ಎಂಬ ಹುಡುಗ ರಷ್ಯಾದ ವಿರುದ್ಧ ಹೊಡೆದ ಗೋಲನ್ನು ಅಲ್ಲಿಯ ಜನ ಇನ್ನೂ ಮರೆತಿಲ್ಲ. ಗೋಲು ಪೆಟ್ಟಿಗೆಯ ಹಿಂದಿನಿಂದ, ರಬ್ಬರಿನ ಬಿಲ್ಲೆಯನ್ನು ಕೋಲಿನ ತುದಿಯ ಮೇಲೆ ದೋಸೆಯಂತೆ ಎತ್ತಿಕೊಂಡು, ಗೋಲಿಯ ಭುಜದ ಮೇಲಿನಿಂದ ಒಳಗೆ ಇಳಿಸಿಬಿಟ್ಟ. ಫಿನ್ಲೆಂಡ್ 3-0 ಗೋಲುಗಳಿಂದ ಗೆದ್ದು, ಫೈನಲ್‌ನಲ್ಲಿ ಸ್ವೀಡನ್ನನ್ನೂ ಸೋಲಿಸಿತು. ನೋಡಿದವರಿಗೆ ಅದು ಆ ಕ್ಷಣದಲ್ಲಿ ಹೊಳೆದ ಚಮತ್ಕಾರ. ಆದರೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮೈಕ್ ಲೆಗ್ ಎಂಬ ಆಟಗಾರ 1996ರಲ್ಲೇ ಅಂಥ ಗೋಲು ಹೊಡೆದಿದ್ದ. ಜಾರುವ ಹಿಮದ ಮೇಲೆ, ಓಡುತ್ತ ಓಡುತ್ತ ಬಿಲ್ಲೆಯನ್ನು ಕೋಲಿನ ಮೇಲೆ ನಿಲ್ಲಿಸುವ ವಿದ್ಯೆ ಅಭ್ಯಾಸವಿಲ್ಲದ ಕೈಗೆ ಎಂದೂ ಒಲಿಯದು.

ದೇಹದೊಳಗೆ ಏನಾಗುತ್ತದೆ?

ಈಗ ನಮ್ಮ ವಿಷಯಕ್ಕೆ ಬರೋಣ. ಒತ್ತಡದ ಕ್ಷಣ ಬಂದಾಗ, ಅದು ವಿಶ್ವಕಪ್ಪಾಗಲಿ ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಯಾಗಲಿ, ದೇಹಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹುಲಿ ಎದುರಾದಾಗ ಏನು ಮಾಡುತ್ತದೋ ಅದನ್ನೇ ಇಲ್ಲೂ ಮಾಡುತ್ತದೆ.

ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಜೋರಾಗಿ ಬಡಿಯತೊಡಗುತ್ತದೆ. ಉಸಿರು ಚುರುಕಾಗುತ್ತದೆ. ಓಡಲು, ಹೊಡೆದಾಡಲು ಬೇಕಾಗುವ ದೊಡ್ಡ ಸ್ನಾಯುಗಳಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಜಠರಕ್ಕೂ ಚರ್ಮಕ್ಕೂ ಕಡಿಮೆಯಾಗುತ್ತದೆ. ಹೊಟ್ಟೆ ತೊಳಸುವುದು, ಕೈ ತಣ್ಣಗಾಗುವುದು, ಬಾಯಿ ಒಣಗುವುದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು ಇವೆಲ್ಲ ಈ ಸಿದ್ಧತೆಯ ಗುರುತುಗಳು. ಕಾಯಿಲೆಯ ಗುರುತುಗಳಲ್ಲ.

ಓದುಗರು ಇದೊಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಧೈರ್ಯವಂತನ ಎದೆಯೂ ಹೊಡೆದುಕೊಳ್ಳುತ್ತದೆ. ಆ ಬಡಿತಕ್ಕೆ ಅವನು ಒಗ್ಗಿಕೊಂಡಿರುತ್ತಾನೆ, ಅಷ್ಟೇ.

ಅಷ್ಟೇ ಅಲ್ಲ, ಸ್ವಲ್ಪ ಆತಂಕ ಬೇಕೇ ಬೇಕು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್‌ಸನ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ, ಕಷ್ಟದ ಪಾಠ ಕಲಿಯುವಾಗ ತೀರಾ ಕಡಿಮೆ ಒತ್ತಡವೂ ಕೆಲಸಕ್ಕೆ ಬಾರದು, ತೀರಾ ಹೆಚ್ಚೂ ಕೆಲಸಕ್ಕೆ ಬಾರದು, ಹದವಾದದ್ದೇ ಲೇಸು ಎಂದು ಕಂಡುಕೊಂಡರು. ವೀಣೆಯ ತಂತಿಯಂತೆ: ಸಡಿಲಾದರೆ ನಾದವಿಲ್ಲ, ಅತಿಯಾಗಿ ಬಿಗಿದರೆ ಹರಿದುಹೋಗುತ್ತದೆ.

ಗೊತ್ತಿದ್ದದ್ದು ಕೈಕೊಡುವುದೇಕೆ?

ಸೈಕಲ್ ಕಲಿಯುವಾಗ ಮೊದಮೊದಲು ಪೆಡಲ್, ಹ್ಯಾಂಡಲ್, ಬ್ರೇಕು ಎಲ್ಲದರ ಮೇಲೂ ಗಮನ ಇಡಬೇಕಾಗುತ್ತದೆ. ಕಲಿತ ಮೇಲೆ ಆ ಕೆಲಸ ಮಿದುಳಿನ ಆಳದ ಭಾಗಗಳಿಗೆ ವರ್ಗವಾಗುತ್ತದೆ. ಆಮೇಲೆ ಮಾತಾಡುತ್ತಲೇ ಸೈಕಲ್ ಹೊಡೆಯಬಹುದು. ಆದರೆ ಯಾರೋ ನಿಂತು ದಿಟ್ಟಿಸಿ ನೋಡುತ್ತಿದ್ದಾರೆ ಎನಿಸಿದಾಗ 'ಸರಿಯಾಗಿ ಹೊಡೆಯುತ್ತಿದ್ದೇನೆಯೇ' ಎಂದು ನಮ್ಮನ್ನು ನಾವೇ ಪರೀಕ್ಷಿಸತೊಡಗುತ್ತೇವೆ. ತಾನಾಗಿ ನಡೆಯುತ್ತಿದ್ದ ಕೆಲಸಕ್ಕೆ ನಾವೇ ಅಡ್ಡಬರುತ್ತೇವೆ. ಸೈಕಲ್ ಓಲಾಡುತ್ತದೆ. ನುರಿತ ಬೌಲರ್ ಬರಿಯ ವಿಕೆಟ್‌ಗೆ ಗುರಿ ತಪ್ಪುವುದೂ ಹೀಗೆಯೇ.

ಪರೀಕ್ಷೆಯಲ್ಲಿ ಆಗುವುದು ಸ್ವಲ್ಪ ಬೇರೆ. ಲೆಕ್ಕ ಮಾಡುವಾಗ ನಾಲ್ಕಾರು ಸಂಗತಿಗಳನ್ನು ಮನಸ್ಸಿನಲ್ಲಿ ಒಟ್ಟಿಗೆ ಹಿಡಿದಿಡಬೇಕು. ಆ ಜಾಗ ಬಹಳ ಇಕ್ಕಟ್ಟಾದದ್ದು. 'ಫೇಲಾದರೆ ಅಪ್ಪ ಏನಂತಾರೆ, ಊರವರು ಏನಂತಾರೆ' ಎಂಬ ಯೋಚನೆಗಳು ಅಲ್ಲಿ ನುಗ್ಗಿ ಕುಳಿತರೆ ಲೆಕ್ಕಕ್ಕೆ ಜಾಗವೇ ಉಳಿಯುವುದಿಲ್ಲ. ಓದಿದ್ದು ಅಳಿಸಿಹೋಗಿಲ್ಲ, ಹೊರಬರಲು ದಾರಿ ಇಲ್ಲ. ಮನೆಗೆ ಬಂದು ಒಂದು ಲೋಟ ನೀರು ಕುಡಿದ ಮೇಲೆ ಎಲ್ಲ ನೆನಪಾಗುವುದು ಇದಕ್ಕೇ.

ಹುಡುಗನನ್ನು ಬೈದರೆ ಈ ದಾರಿ ತೆರೆಯುವುದಿಲ್ಲ, ಇನ್ನಷ್ಟು ಮುಚ್ಚುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ವೆಂಕಟೇಶ ಪ್ರಸಾದ್ ಮೈದಾನದಲ್ಲಿ ಮಾಡಿದ್ದನ್ನು ನೀವು ಮನೆಯಲ್ಲೇ ಮಾಡಬಹುದು. ಖರ್ಚಿಲ್ಲ.

1. ಪರೀಕ್ಷೆಯ ಹಾಗೆಯೇ ಅಭ್ಯಾಸ: ಹಾಸಿಗೆಯ ಮೇಲೆ ಮಲಗಿ ಓದಿದ್ದನ್ನು ಬೆಂಚಿನ ಮೇಲೆ ಕುಳಿತು ಬರೆಯುವುದು ಕಷ್ಟ. ವಾರಕ್ಕೊಂದು ದಿನ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು, ಪರೀಕ್ಷೆ ನಡೆಯುವ ಹೊತ್ತಿಗೇ, ಗಡಿಯಾರ ಎದುರಿಗಿಟ್ಟು, ನಡುವೆ ಎದ್ದೇಳದೆ ಬರೆಯಲು ಹೇಳಿ. ಮೊದಲ ಸಲ ಬೆವರುತ್ತಾನೆ. ಐದನೆಯ ಸಲಕ್ಕೆ ಅಭ್ಯಾಸವಾಗಿರುತ್ತದೆ.

2. ಪುಸ್ತಕ ಮುಚ್ಚಿ ಬರೆಯುವುದು: ಒಂದೇ ಪಾಠವನ್ನು ಹತ್ತು ಸಲ ಓದುವುದಕ್ಕಿಂತ, ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದು ನೋಡುವುದು ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಪ್ರಯೋಗಗಳಿಂದ ಖಚಿತವಾಗಿದೆ.

3. ಉಸಿರಾಟ: ಬೆನ್ನು ನೇರ ಮಾಡಿ ಕುಳಿತು ಒಂದು ಕೈಯನ್ನು ಹೊಟ್ಟೆಯ ಮೇಲಿಡಲಿ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರೆಳೆದುಕೊಳ್ಳಲಿ, ಹೊಟ್ಟೆ ಉಬ್ಬಬೇಕು. ಆರು ಎಣಿಸುತ್ತ ನಿಧಾನವಾಗಿ ಬಿಡಲಿ. ಉಸಿರು ಬಿಡುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ಬಿಡುವ ಉಸಿರು ಉದ್ದವಾಗಿರಬೇಕು ಎನ್ನುವುದು ಇದಕ್ಕಾಗಿ. ದಿನಕ್ಕೆ ಐದು ನಿಮಿಷ ಮೊದಲಿನಿಂದಲೇ ರೂಢಿಯಾಗಿರಬೇಕು. ಪರೀಕ್ಷೆಯ ದಿನ ಹೊಸದಾಗಿ ಶುರುಮಾಡಿದರೆ ಪ್ರಯೋಜನ ಕಡಿಮೆ. ಅಕಸ್ಮಾತ್ ತಲೆ ಹಗುರಾದಂತೆ ಎನಿಸಿದರೆ ನಿಲ್ಲಿಸಿ ಸಾಧಾರಣವಾಗಿ ಉಸಿರಾಡಲಿ.

4. ಹೆಸರು ಬದಲಿಸುವುದು: ಎದೆ ಬಡಿಯುವಾಗ 'ನಾನು ಹೆದರಿದ್ದೇನೆ' ಎನ್ನುವ ಬದಲು 'ನನ್ನ ದೇಹ ತಯಾರಾಗಿದೆ, ಹುರುಪು ಬಂದಿದೆ' ಎಂದುಕೊಳ್ಳಲಿ. ಹೀಗೆ ಹೇಳಿಕೊಂಡವರು ಭಾಷಣ, ಗಣಿತ ಮುಂತಾದವುಗಳಲ್ಲಿ ಮೇಲುಗೈ ಪಡೆದುದನ್ನು ಅಮೆರಿಕದ ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದ್ದಾರೆ. 'ಹೆದರಬೇಡ, ಹೆದರಬೇಡ' ಎಂದು ಹೇಳುವುದಕ್ಕಿಂತ ಇದು ಸುಲಭ.

5. ನಿದ್ದೆ ಮತ್ತು ಊಟ: ಹಗಲು ಓದಿದ್ದು ಮಿದುಳಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ. ರಾತ್ರಿಯಿಡೀ ಚಹಾ ಕುಡಿದು ಓದಿದವನು ಗಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಪರೀಕ್ಷೆಯ ಬೆಳಿಗ್ಗೆ ಒಗ್ಗರಣೆ-ಮಿರ್ಚಿಯ ಆಸೆಯನ್ನು ಮಧ್ಯಾಹ್ನಕ್ಕೆ ಮುಂದೂಡಿ, ಇಡ್ಲಿಯೋ ರೊಟ್ಟಿ-ಮೊಸರೋ, ಹಗುರಾದ್ದು ಕೊಡಿ. ಬರಿ ಹೊಟ್ಟೆಯಲ್ಲಂತೂ ಕಳಿಸಬೇಡಿ.

6. ಧೋನಿಯಂತೆ ಕುಳಿತುಕೊಳ್ಳಿ: ಎಸೆಯುವವನಿಗೆ ಗುರಿ ಸುಲಭವಾಗುವಂತೆ ಎದುರಿಗೆ ಕುಳಿತವರು ಅವರು. ಮನೆಯ ಹಿರಿಯರ ಕೆಲಸವೂ ಅದೇ. 'ಪಕ್ಕದ ಮನೆ ಹುಡುಗಿ ನೋಡು' ಎಂದರೆ ಗುರಿ ದೂರ ಸರಿಯುತ್ತದೆ. 'ನೋಡಪ್ಪಾ, ಮೊದಲು ಬರುವ ಪ್ರಶ್ನೆ ಬರಿ, ಉಳಿದದ್ದು ಆಮೇಲೆ ನೋಡೋಣ' ಎಂದರೆ ಗುರಿ ಹತ್ತಿರ ಬರುತ್ತದೆ.

ಹುಚ್ಚು ಸಾಹಸ ಬೇರೆ

ಇಷ್ಟು ಓದಿದ ಕೆಲವು ಯುವಕರು 'ನಾವೂ ಧೈರ್ಯವಂತರೇ' ಎಂದು ಮೀಸೆ ತಿರುವಬಹುದು. ಹೆದ್ದಾರಿಯಲ್ಲಿ ಮುಂದಿನ ಗಾಲಿ ಎತ್ತಿ ಬೈಕ್ ಓಡಿಸುವುದು, ಈಜು ಸರಿಯಾಗಿ ಬಾರದಿದ್ದರೂ ಗೆಳೆಯರ ಪಂಥಕ್ಕೆ ತುಂಬಿದ ತುಂಗಭದ್ರಾ ಕಾಲುವೆಗೆ ಧುಮುಕುವುದು ಇದಕ್ಕೆ ಉದಾಹರಣೆ. ಮುಂದಾಲೋಚನೆಗೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿಗೆ. ಅಲ್ಲಿಯವರೆಗೆ ಗೆಳೆಯರ ಎದುರಿನ ಮೆಚ್ಚುಗೆ ಅಪಾಯಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಉತ್ತಪ್ಪ ಗುರಿ ತಪ್ಪಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಒಂದು ಪಂದ್ಯ. ಕಾಲುವೆಯಲ್ಲಿ ಗುರಿ ತಪ್ಪಿದರೆ ಕಳೆದುಕೊಳ್ಳುವುದು ಮನೆಯ ಮಗನನ್ನು. ಅಭ್ಯಾಸವಿದೆಯೇ, ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವಿದೆಯೇ? ಈ ಎರಡು ಪ್ರಶ್ನೆಗಳಿಗೆ 'ಹೌದು' ಎಂಬ ಉತ್ತರ ಬಂದರೆ ಅದು ಧೈರ್ಯ. ಇಲ್ಲದಿದ್ದರೆ ಅದು ಬರಿಯ ಹುಚ್ಚಾಟ.

ಧೈರ್ಯವಂತನಿಗೂ ಕತ್ತಲು ಕವಿಯಬಹುದು

ಉತ್ತಪ್ಪನ ಕಥೆ ಡರ್ಬಾನಿನಲ್ಲಿ ಮುಗಿಯುವುದಿಲ್ಲ. ಈ ಅಂಕಣಕ್ಕೆ ಅವರನ್ನು ಆರಿಸಿಕೊಂಡ ನಿಜವಾದ ಕಾರಣ ಮುಂದಿನದು.

ಕೋಟ್ಯಂತರ ಜನರ ಎದುರು ನಗುತ್ತ ಬಾಗಿ ವಂದಿಸಿದ ಅದೇ ಯುವಕ 2009ರಿಂದ 2011ರವರೆಗೆ ಖಿನ್ನತೆಯಿಂದ ನರಳಿದರು. ಬದುಕೇ ಬೇಡ ಎಂಬ ಯೋಚನೆಗಳು ದಿನವೂ ಬರುತ್ತಿದ್ದವು ಎಂದು 2020ರಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ದಿನಚರಿ ಬರೆಯುತ್ತ ತಮ್ಮನ್ನು ತಾವು ಅರಿತುಕೊಳ್ಳಲು ಯತ್ನಿಸಿದರು, ಹೊರಗಿನ ಸಹಾಯವನ್ನೂ ಪಡೆದರು. ಮತ್ತೆ ಚೇತರಿಸಿಕೊಂಡರು. 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದ ಕರ್ನಾಟಕ ತಂಡದಲ್ಲಿದ್ದರು. 2014ರ ಐಪಿಎಲ್‌ನಲ್ಲಿ 660 ರನ್ ಗಳಿಸಿ ಎಲ್ಲರಿಗಿಂತ ಮುಂದೆ ನಿಂತರು.

ಇದರಿಂದ ತಿಳಿಯಬೇಕಾದದ್ದೇನು? ಖಿನ್ನತೆ ಹೇಡಿತನವಲ್ಲ, ಸೋಮಾರಿತನವೂ ಅಲ್ಲ. ಮಲೇರಿಯ, ಸಕ್ಕರೆ ಕಾಯಿಲೆಗಳಂತೆ ಅದೂ ಒಂದು ಕಾಯಿಲೆ. ಎಂಥ ಧೈರ್ಯವಂತನಿಗೂ ಬರಬಹುದು, ಚಿಕಿತ್ಸೆಯಿಂದ ಗುಣವಾಗುತ್ತದೆ. 'ಧೈರ್ಯ ತಂದುಕೊ' ಎಂಬ ಬರಿಯ ಬುದ್ಧಿಮಾತಿನಿಂದ ಮಲೇರಿಯ ಹೋಗದು. ಇದೂ ಹಾಗೆಯೇ.

ವೈದ್ಯರ ಬಳಿಗೆ ಯಾವಾಗ?

ಪರೀಕ್ಷೆಗೆ ಮುಂಚಿನ ಆತಂಕ ಪರೀಕ್ಷೆ ಮುಗಿದ ಮೇಲೆ ಇಳಿಯಬೇಕು. ಇಳಿಯದೆ ಎರಡು ವಾರಕ್ಕೂ ಮಿಕ್ಕಿ ಮಂಕು ಮುಂದುವರಿದರೆ, ನಿದ್ದೆ-ಹಸಿವು ಕೆಟ್ಟರೆ, ಗೆಳೆಯರನ್ನೂ ಆಟವನ್ನೂ ಬಿಟ್ಟು ಮೂಲೆ ಸೇರಿದರೆ, ಕಾರಣವಿಲ್ಲದೆ ಎದೆ ಹೊಡೆದುಕೊಂಡು ಉಸಿರುಗಟ್ಟಿದಂತೆ ಮತ್ತೆ ಮತ್ತೆ ಆದರೆ ತಡಮಾಡಬೇಡಿ. 'ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ' ಎಂಬಂಥ ಮಾತು ಬಂದರಂತೂ ತಮಾಷೆ ಎಂದು ತಳ್ಳಿಹಾಕಬೇಡಿ. ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿ.

ಇನ್ನೆರಡು ಎಚ್ಚರಿಕೆಗಳು. ಎದೆಬಡಿತವೆಲ್ಲ ಭಯದ್ದೇ ಅಲ್ಲ. ರಕ್ತಹೀನತೆಯಿಂದಲೂ, ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಹೀಗಾಗಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳಿತು. ಎರಡನೆಯದು, ಯಾರೋ ಹೇಳಿದರೆಂದು ಔಷಧಿ ಅಂಗಡಿಯಿಂದ ನಿದ್ದೆಯ ಮಾತ್ರೆಯನ್ನೋ ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಮಾತ್ರೆಯನ್ನೋ ತಂದು ಮಕ್ಕಳಿಗೆ ಕೊಡಬೇಡಿ. ಮೊದಲಿನದು ಮಂಪರು ತರಿಸಿ ಬರೆಯುವುದನ್ನೇ ಕೆಡಿಸುತ್ತದೆ. ಎರಡನೆಯದು ಅಸ್ತಮಾ ಇರುವವರಲ್ಲಿ ಪ್ರಾಣಕ್ಕೇ ಅಪಾಯ ತರಬಹುದು.

'ಮನಸ್ಸಿನ ಕಾಯಿಲೆಗೆ ಡಾಕ್ಟರ ಹತ್ತಿರ ಹೋದರೆ ಜನ ಏನೆಂದಾರು' ಎಂಬ ಸಂಕೋಚ ಬಳ್ಳಾರಿ ಜಿಲ್ಲೆಯವರಿಗಂತೂ ಸಲ್ಲದು. ಮಾನಸಿಕ ಕಾಯಿಲೆಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕಾಗಿದ್ದ ಕಾಲದಲ್ಲಿ, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಯೋಗಕ್ಕೆ ಆರಿಸಿಕೊಂಡದ್ದು ಈ ಜಿಲ್ಲೆಯನ್ನೇ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೆಯ ಹತ್ತಿರವೇ ಮಾನಸಿಕ ಕಾಯಿಲೆಗಳಿಗೂ ಮೂರ್ಛೆರೋಗಕ್ಕೂ ಔಷಧಿ ಸಿಗುವಂತೆ ಮಾಡಬಹುದು ಎಂದು ಇಲ್ಲಿ ತೋರಿಸಲಾಯಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯ ಜನ ತಾವೇ ಆ ದಾರಿಯಲ್ಲಿ ನಡೆಯಲು ನಾಚಬೇಕೇಕೆ?

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು. ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ.

ಇಂದು ಸಂಜೆಯೇ ಆರಂಭಿಸಿ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಹುಡುಕಿ ತೆಗೆಯಿರಿ. ಟಿ.ವಿ. ಆರಿಸಿ, ಗಡಿಯಾರ ಎದುರಿಗಿಡಿ, ಮಗನನ್ನೋ ಮಗಳನ್ನೋ ಬರೆಯಲು ಕೂರಿಸಿ. ಅಂಕ ಎಷ್ಟು ಬಂತು ಎಂದು ಕೇಳಬೇಡಿ. 'ಎದೆ ಹೊಡೆದುಕೊಂಡಿತೇನಪ್ಪಾ? ಆಮೇಲೆ ಏನು ಮಾಡಿದೆ?' ಎಂದು ಕೇಳಿ. ಅವನು ಹೇಳುವ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.